ಪ್ರಕಟಣೆ ಮತ್ತು ಆಮಂತ್ರಣ: ಬೆಂಗಳೂರಿನ ನಗರಾಡಳಿತ ಹಾಗೂ ಸಮುದಾಯ ಕಾರ್ಯಕ್ರಮಗಳ ಕನ್ನಡ

ಕನ್ನಡ ಗದ್ಯದ ಅಧ್ಯಯನವೆಂಬುದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ಸಾಹಿತ್ಯಕ ಗದ್ಯದ ಅಧ್ಯಯನವೇ ಆಗಿ ಉಳಿದಿದೆ. ವಡ್ಡಾರಾಧನೆಯಿಂದ ತೊಡಗಿ ವಚನಗಳ ಮೂಲಕ ಹಾದು, ಕೆಂಪುನಾರಾಯಣನ ಮುದ್ರಾಮಂಜೂಷವನ್ನು ದಾಟಿ, ಕಾದಂಬರಿ ಹಾಗೂ ಪ್ರಬಂಧಗಳಿಗೆ ಬಂದು ನಿಲ್ಲುವುದು ನಮಗೆ ಪರಿಚಿತವಾದ ಹಾದಿ. ಸಾಹಿತ್ಯೇತರ ಗದ್ಯದಲ್ಲಿ ವಿದ್ವಾಂಸರ ಗಮನವನ್ನು ನಿಜವಾಗಿ ಸೆಳೆದದ್ದು ಶಾಸನಗಳ ಗದ್ಯವೊಂದೇ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಆ ದಾಖಲೆಗಳಿಂದ ಒಂದು ಕಾಲದ ಜನಜೀವನವನ್ನೇ ಪುನಾರಚಿಸಬಹುದೆಂದು ತೋರಿಸಿಕೊಟ್ಟಿತು. ಆದರೆ ಶಾಸನವು ತನ್ನ ಕಾಲದಲ್ಲಿ ಮಾಡುತ್ತಿದ್ದ ಕೆಲಸವನ್ನು ಇಂದು ಮಾಡುತ್ತಿರುವ ಬರೆಹ ಯಾವುದು? ತೆರಿಗೆ, ನೀರು, ಎಲ್ಲೆ, ಉತ್ಸವ, ದತ್ತಿ ಇವುಗಳ ವಿಷಯವನ್ನು ಊರಿನ ಜನರಿಗೆ ಸಾರುವ ಗದ್ಯ ಯಾವುದು? ನಗರಾಡಳಿತದ ಪ್ರಕಟಣೆ ಮತ್ತು ಸಮುದಾಯ ಕಾರ್ಯಕ್ರಮಗಳ ಆಮಂತ್ರಣ, ಇವೆರಡೇ. ಸಾಹಿತ್ಯವನ್ನು ಎಂದೂ ಓದದ ಕನ್ನಡಿಗನೂ ಇವೆರಡನ್ನು ಓದುತ್ತಾನೆ, ಅಥವಾ ಓದಿಸಿಕೊಳ್ಳುತ್ತಾನೆ.

ಪ್ರಸ್ತುತ ಲೇಖನವು ಬೆಂಗಳೂರು ನಗರವನ್ನು ನಿದರ್ಶನವಾಗಿಟ್ಟುಕೊಂಡು ಈ ಎರಡು ಬಗೆಯ ಬರೆಹಗಳ ವ್ಯಾಕರಣವನ್ನೂ ಪದಸಂಪತ್ತನ್ನೂ ಪರಿಶೀಲಿಸುತ್ತದೆ. ಇಲ್ಲಿ ಬರುವ ಮಾದರಿ ವಾಕ್ಯಗಳು ಇಂಥ ಬರೆಹಗಳ ಸಾಮಾನ್ಯ ರಚನೆಯನ್ನು ಆಧರಿಸಿ ರೂಪಿಸಿಕೊಂಡವು. ಯಾವುದೇ ನಿರ್ದಿಷ್ಟ ಪ್ರಕಟಣೆಯ ಉದ್ಧರಣೆಗಳಲ್ಲ.

ಸಂಸ್ಥೆಯ ಹೆಸರುಗಳು

ಬೆಂಗಳೂರಿಗೆ ಆಧುನಿಕ ಅರ್ಥದ ನಗರಾಡಳಿತ ಬಂದದ್ದು 1862ರಲ್ಲಿ. ಆಗ ಪೇಟೆಗೂ ದಂಡಿಗೂ ಪ್ರತ್ಯೇಕ ಮುನಿಸಿಪಲ್ ಮಂಡಳಿಗಳು ಏರ್ಪಟ್ಟವು. ಒಂದೇ ಊರಿನ ಈ ಎರಡು ಭಾಗಗಳು 87 ವರ್ಷಗಳ ಕಾಲ ಬೇರೆ ಬೇರೆ ಆಡಳಿತದಡಿ ಇದ್ದವು. ದಂಡು ಪ್ರದೇಶದ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಅಲ್ಲಿನ ಬೀದಿಗಳಲ್ಲಿ ತಮಿಳು, ಉರ್ದು, ತೆಲುಗು, ಕನ್ನಡಗಳು ಒಟ್ಟಿಗೆ ಕೇಳಿಬರುತ್ತಿದ್ದವು. 1949ರಲ್ಲಿ ಎರಡೂ ಕೂಡಿ ಕಾರ್ಪೊರೇಷನ್ ಆಯಿತು. ಆಡಳಿತವು ಆ ಪದವನ್ನು ಎಂದೋ ಕೈಬಿಟ್ಟಿದ್ದರೂ ಬಸ್ಸಿನ ನಿರ್ವಾಹಕರು ಇಂದಿಗೂ ‘ಕಾರ್ಪೊರೇಷನ್’ ಎಂದೇ ಕೂಗುತ್ತಾರೆ. ‘ದಂಡು’ ಎಂಬ ಪದವನ್ನಂತೂ ರೈಲು ನಿಲ್ದಾಣದ ಫಲಕವೇ ಕಾಪಾಡಿಕೊಂಡು ಬಂದಿದೆ.

2007ರಲ್ಲಿ ಸುತ್ತಲಿನ ಏಳು ನಗರಸಭೆಗಳು, ಒಂದು ಪುರಸಭೆ ಹಾಗೂ 110 ಹಳ್ಳಿಗಳನ್ನು ಸೇರಿಸಿಕೊಂಡು ‘ಬೃಹತ್ ಬೆಂಗಳೂರು ಮಹಾನಗರಪಾಲಿಕೆ’ ರಚನೆಯಾಯಿತು. ಹೆಸರಿನ ರಚನೆಯನ್ನು ಗಮನಿಸಬೇಕು. ‘ಬೃಹತ್’ ಎಂಬುದೂ ‘ಮಹಾ’ ಎಂಬುದೂ ಗಾತ್ರವನ್ನೇ ಹೇಳುವ ಪದಗಳು. ಒಂದೇ ಹೆಸರಿನಲ್ಲಿ ಎರಡೂ ಬಂದಿವೆ. 2024ರ ಅಧಿನಿಯಮ 2025ರ ಮೇ ತಿಂಗಳಿನಲ್ಲಿ ಜಾರಿಗೆ ಬಂದು, ಅದೇ ಸೆಪ್ಟೆಂಬರಿನಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಾಗ ‘ಬೃಹತ್’ ಮತ್ತು ‘ಮಹಾ’ ಎರಡೂ ಬಿದ್ದುಹೋದವು. ಆದರೆ ಇವುಗಳ ಮೇಲೆ ನಿಂತ ಸಂಸ್ಥೆಯ ಹೆಸರು ಕನ್ನಡದಲ್ಲಿಯೂ ‘ಗ್ರೇಟರ್ ಬೆಂಗಳೂರು ಪ್ರಾಧಿಕಾರ’ ಎಂದಾಯಿತು. ಸಂಸ್ಕೃತದ ವಿಶೇಷಣವಿದ್ದ ಜಾಗಕ್ಕೆ ಇಂಗ್ಲಿಷಿನ ವಿಶೇಷಣ ಬಂದು ಕುಳಿತಿದೆ. ಸ್ಥಳೀಯ ಪ್ರಾಧಿಕಾರಗಳು ಕನ್ನಡದಲ್ಲಿ ವ್ಯವಹರಿಸಬೇಕೆಂಬ ಉದ್ದೇಶದಿಂದ ಪ್ರತ್ಯೇಕ ಅಧಿನಿಯಮವೊಂದು 1981ರಲ್ಲಿಯೇ ಬಂದಿರುವ ರಾಜ್ಯದಲ್ಲಿ ಇದು ಸಣ್ಣ ಸಂಗತಿಯೇನಲ್ಲ. ಕನ್ನಡದ ‘ಹಿರಿಯ’, ‘ದೊಡ್ಡ’ ಎಂಬ ಪದಗಳಿಗೆ ಈ ಸ್ಪರ್ಧೆಯಲ್ಲಿ ಪ್ರವೇಶವೇ ಸಿಕ್ಕಿಲ್ಲ. ದೊಡ್ಡಬಳ್ಳಾಪುರದಂಥ ಊರಿನ ಹೆಸರುಗಳು ನಗರದ ಮಗ್ಗುಲಲ್ಲಿಯೇ ಇದ್ದರೂ!

ಕರ್ತೃವಿಲ್ಲದ ವಾಕ್ಯ

ಪ್ರಕಟಣೆಯ ಕನ್ನಡವನ್ನು ಗುರುತಿಸಲು ಒಂದೇ ಕ್ರಿಯಾರೂಪ ಸಾಕು: ‘-ಅಲಾಗಿದೆ’. ‘ಕುಂದುಕೊರತೆ ಸಭೆಯನ್ನು ಏರ್ಪಡಿಸಲಾಗಿದೆ’, ‘ಅರ್ಜಿಗಳನ್ನು ಆಹ್ವಾನಿಸಲಾಗಿದೆ’, ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’. ಇದನ್ನು ಕರ್ಮಣಿ ಪ್ರಯೋಗವೆಂದು ಹೇಳಿ ಮುಂದೆ ಹೋಗುವುದು ವಾಡಿಕೆ. ಆದರೆ ರಚನೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ ಆ ಹೆಸರು ಪೂರ್ತಿಯಾಗಿ ಹೊಂದುವುದಿಲ್ಲವೆಂದು ತಿಳಿಯುತ್ತದೆ. ವ್ಯಾಕರಣ ಪಾಠಗಳಲ್ಲಿ ನಾವು ಕಲಿಸುವ ‘ಪಡು’ ಸೇರಿದ ಕರ್ಮಣಿಯಲ್ಲಿ ಕರ್ಮವು ಪ್ರಥಮಾ ವಿಭಕ್ತಿಗೆ ಏರುತ್ತದೆ, ಕ್ರಿಯಾಪದವು ಅದನ್ನು ಅನುಸರಿಸುತ್ತದೆ: ‘ಶಾಲೆಯು ಕಟ್ಟಲ್ಪಟ್ಟಿತು’. ಕರ್ತೃವು ತೃತೀಯಾ ವಿಭಕ್ತಿಯಲ್ಲಿ ಉಳಿಯಬಹುದು: ‘ಊರವರಿಂದ ಶಾಲೆಯು ಕಟ್ಟಲ್ಪಟ್ಟಿತು’. ‘ಸಭೆಯನ್ನು ಏರ್ಪಡಿಸಲಾಗಿದೆ’ ಎಂಬಲ್ಲಿ ಹಾಗಲ್ಲ. ಕರ್ಮವು ದ್ವಿತೀಯಾ ವಿಭಕ್ತಿಯಲ್ಲಿಯೇ ನಿಂತಿದೆ. ಕ್ರಿಯಾಪದವು ಯಾವುದನ್ನೂ ಅನುಸರಿಸದೆ ನಪುಂಸಕ ಏಕವಚನದಲ್ಲಿದೆ. ಹತ್ತು ಸಭೆಗಳಾದರೂ ‘ಸಭೆಗಳನ್ನು ಏರ್ಪಡಿಸಲಾಗಿದೆ’ ಎಂದೇ. ಅಂದರೆ ಇದು ಕರ್ತೃವನ್ನು ಹಿಂದಕ್ಕೆ ಸರಿಸಿದ ವಾಕ್ಯವಲ್ಲ. ಕರ್ತೃವಿನ ಸ್ಥಾನವನ್ನೇ ಇಲ್ಲವಾಗಿಸಿದ ವಾಕ್ಯ. ಕನ್ನಡದ ರಚನೆಯನ್ನು ಕನ್ನಡದಿಂದಲೇ ವಿವರಿಸಬೇಕೆಂದು ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ (2000) ಕೃತಿಯಲ್ಲಿ ಮುಂದಿಟ್ಟ ಒತ್ತಾಯಕ್ಕೆ ಈ ಕ್ರಿಯಾರೂಪವೂ ಒಂದು ಸಾಕ್ಷಿಯಾಗಬಲ್ಲದು.

ಕರ್ತೃವನ್ನು ಸೂಚಿಸಲೇಬೇಕಾದ ಸಂದರ್ಭ ಬಂದಾಗ ಪ್ರಕಟಣೆಯು ‘ವತಿಯಿಂದ’ ಎಂಬ ಪದವನ್ನು ತರುತ್ತದೆ: ‘ಪಾಲಿಕೆಯ ವತಿಯಿಂದ ಸಭೆಯನ್ನು ಏರ್ಪಡಿಸಲಾಗಿದೆ’. ಮರಾಠಿಯ ‘ವತೀನೇ’ ಎಂಬುದಕ್ಕೂ ಇದಕ್ಕೂ ಇರುವ ಸಾಮ್ಯ ಸ್ಪಷ್ಟವಾಗಿದೆ. ಈ ಪದದ ವಿಶೇಷವೆಂದರೆ ಇದರ ಹಿಂದೆ ಸಂಸ್ಥೆಯ ಹೆಸರು ಸಲೀಸಾಗಿ ಬರುತ್ತದೆ, ವ್ಯಕ್ತಿಯ ಹೆಸರು ಅಷ್ಟು ಸಲೀಸಾಗಿ ಬರುವುದಿಲ್ಲ. ಪ್ರಕಟಣೆಯ ಕೊನೆಗೆ ‘ಸಹಿ/-’ ಎಂಬ ಗುರುತು, ಅದರ ಕೆಳಗೆ ‘ಆಯುಕ್ತರು’ ಅಥವಾ ‘ಕಾರ್ಯಪಾಲಕ ಅಭಿಯಂತರರು’ ಎಂಬ ಹುದ್ದೆ. ಸಹಿ ಇದೆಯೆಂದು ಹೇಳುವ ಗುರುತು ಇದೆ, ಸಹಿ ಇಲ್ಲ. ಹುದ್ದೆ ಇದೆ, ಹೆಸರಿಲ್ಲ. ಬರೆದವನ ಹೆಸರನ್ನೂ ಕಲ್ಲಿನಲ್ಲಿ ಕಂಡರಿಸಿದವನ ಹೆಸರನ್ನೂ ಎಷ್ಟೋ ವೇಳೆ ನಮೂದಿಸುತ್ತಿದ್ದ ಶಾಸನಗಳನ್ನು ಓದಿದವರಿಗೆ ಈ ವ್ಯತ್ಯಾಸ ಎದ್ದು ಕಾಣಬೇಕು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಕಚೇರಿಯ ಭಾಷೆಯ ಕುರಿತ ಹಳೆಯ ದೂರು ಮಾತ್ರವಾದೀತು. ಮುಖ್ಯ ಸಂಗತಿ ಮುಂದಿದೆ. ಒಂದೇ ಪ್ರಕಟಣೆಯೊಳಗೆ ಎರಡು ವ್ಯಾಕರಣಗಳಿವೆ. ‘ಆಸ್ತಿ ಮಾಲೀಕರು ತೆರಿಗೆಯನ್ನು ನಿಗದಿತ ಅವಧಿಯೊಳಗೆ ಪಾವತಿಸತಕ್ಕದ್ದು, ತಪ್ಪಿದಲ್ಲಿ ದಂಡ ವಿಧಿಸಲಾಗುವುದು’. ಮೊದಲ ಭಾಗದಲ್ಲಿ ಕರ್ತೃಪದವಿದೆ, ಪ್ರಥಮಾ ವಿಭಕ್ತಿಯಿದೆ, ಅವಧಿಯಿದೆ, ವಿಧಿಯನ್ನು ಹೇಳುವ ‘ತಕ್ಕದ್ದು’ ಇದೆ. ಎರಡನೆಯ ಭಾಗದಲ್ಲಿ ಇವು ಯಾವುವೂ ಇಲ್ಲ. ನಾಗರಿಕನು ಮಾಡಬೇಕಾದ ಕೆಲಸಕ್ಕೆ ಕರ್ತೃವುಂಟು, ಗಡುವುಂಟು. ಕಚೇರಿಯು ಮಾಡುವ ಕೆಲಸಕ್ಕೆ ಎರಡೂ ಇಲ್ಲ. ‘ಅರ್ಜಿಗಳನ್ನು ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂಬ ಆಶ್ವಾಸನೆಯನ್ನು ಹಿಡಿದುಕೊಂಡು ಯಾರನ್ನು, ಎಂದು, ಯಾವ ಕೋಣೆಯಲ್ಲಿ ಕೇಳಬೇಕು?

ಇದು ಕಾನೂನಿನ ಭಾಷೆಯಿಂದಲೇ ಬಂದ ಅನಿವಾರ್ಯತೆಯೆಂದು ಹೇಳುವವರಿದ್ದಾರೆ. ಆದರೆ ಪೌರನಿಗಮಗಳ 1976ರ ಅಧಿನಿಯಮವೂ ಸೇರಿದಂತೆ ನಮ್ಮ ಅಧಿನಿಯಮಗಳ ಕನ್ನಡ ರೂಪಗಳನ್ನು ತೆರೆದು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಅಲ್ಲಿ ‘ತಕ್ಕದ್ದು’ ಎಂಬುದು ಅಧಿಕಾರಿಗೂ ಅನ್ವಯಿಸುತ್ತದೆ: ಆಯುಕ್ತನು ಪ್ರಕಟಿಸತಕ್ಕದ್ದು, ನಿಗಮವು ಪರಿಗಣಿಸತಕ್ಕದ್ದು. ಅಧಿನಿಯಮದಲ್ಲಿ ‘ಆಯುಕ್ತನು’ ಎಂಬ ಏಕವಚನವೂ ಉಂಟು. ಅಧಿನಿಯಮದಿಂದ ಪ್ರಕಟಣೆಗೆ ಬರುವ ದಾರಿಯಲ್ಲಿ ಆಯುಕ್ತನು ‘ಆಯುಕ್ತರು’ ಆಗುತ್ತಾನೆ; ಜತೆಗೆ ತನ್ನ ಪಾಲಿನ ‘ತಕ್ಕದ್ದ’ನ್ನು ಕಳೆದುಕೊಳ್ಳುತ್ತಾನೆ. ಕರ್ತೃಲೋಪವು ಶಾಸನಕರ್ತರದಲ್ಲ, ಕಚೇರಿಯದು.

(ಸಂಶೋಧನ ಲೇಖನಗಳ ಗದ್ಯವೂ ಈ ವಿಷಯದಲ್ಲಿ ತೀರ ನಿರ್ದೋಷಿಯಲ್ಲ. ‘ಈ ಪ್ರಬಂಧದಲ್ಲಿ ವಿಶ್ಲೇಷಿಸಲಾಗಿದೆ’, ‘ಅಭಿಪ್ರಾಯಪಡಲಾಗಿದೆ’ ಎಂದು ಬರೆಯುವ ನಾವು ನಗರ ಪಾಲಿಕೆಯ ಗುಮಾಸ್ತರಿಂದ ಬಹಳ ದೂರವೇನೂ ಇಲ್ಲ.)

ಮಾತಿನ ಕನ್ನಡವು ಈ ಕೆಲಸಕ್ಕೆ ಒಗ್ಗುವುದಿಲ್ಲ. ‘ನಾಳೆ ನೀರು ಬಿಡೋದಿಲ್ಲವಂತೆ’, ‘ಕಸ ತಗೊಂಡು ಹೋಗ್ತಾರೆ’ ಎನ್ನುವಾಗ ಕರ್ತೃಪದವನ್ನು ಬಾಯಿ ಬಿಟ್ಟು ಹೇಳದಿದ್ದರೂ ಕ್ರಿಯಾಪದದ ‘-ಆರೆ’ ಎಂಬ ಪ್ರತ್ಯಯದಲ್ಲಿ ಯಾರೋ ಮನುಷ್ಯರು ಉಳಿದೇ ಇರುತ್ತಾರೆ. ನೀರು ‘ಬಿಡುವ’ ಕ್ರಿಯೆಗೆ ಬಿಡುವವನೊಬ್ಬ ಬೇಕು. ಕೆರೆಯ ತೂಬಿನ ನೀರಗಂಟಿಯ ಕಾಲದಿಂದ ಬಂದ ಕ್ರಿಯಾಪದ ಅದು. ಜಲಮಂಡಳಿಯ ಪ್ರಕಟಣೆಯಲ್ಲಿ ಅದೇ ಸಂಗತಿ ‘ನೀರು ಪೂರೈಕೆಯಲ್ಲಿ ವ್ಯತ್ಯಯ’ ಎಂದಾಗುತ್ತದೆ. ‘ವ್ಯತ್ಯಯ’ವೆಂದರೆ ಹೆಚ್ಚುಕಡಿಮೆ, ಏರುಪೇರು. ದಿನವಿಡೀ ನೀರು ಬಾರದಿರುವುದು ಏರುಪೇರಲ್ಲ. ವಿದ್ಯುತ್ತಿನ ವಿಷಯದಲ್ಲಿಯೂ ಇದೇ ಪದವೇ ರೂಢಿಗೆ ಬಂದು, ಈಗ ಓದುಗರೇ ಅದನ್ನು ‘ಕರೆಂಟು ಇರುವುದಿಲ್ಲ’ ಎಂದು ತಮ್ಮೊಳಗೆ ಅನುವಾದಿಸಿಕೊಳ್ಳುತ್ತಾರೆ.

ಪದಗಳ ಪದರುಗಳು

ನಗರಾಡಳಿತದ ಪದಸಂಪತ್ತಿನಲ್ಲಿ ಹಲವು ಕಾಲಗಳ ಪದರುಗಳು ಒಂದರ ಮೇಲೊಂದು ಕುಳಿತಿವೆ. ಅರ್ಜಿ, ತಕರಾರು, ಹರಾಜು, ಜಾಹೀರು, ಮಂಜೂರು, ರದ್ದು, ಜಪ್ತಿ, ದಾಖಲೆ ಇವೆಲ್ಲ ಅರಬ್ಬಿ-ಫಾರ್ಸಿ ಮೂಲದಿಂದ, ಮರಾಠಿ ಮತ್ತು ಹಿಂದೂಸ್ತಾನಿಯ ಮೂಲಕ ಬಂದು, ಮೈಸೂರು ಸಂಸ್ಥಾನದ ಕಚೇರಿಗಳಲ್ಲಿ ನೆಲೆಯೂರಿದವು. ಅಕ್ಷರ ಬಾರದವರಿಗೂ ಇವು ಗೊತ್ತು. ವಾರ್ಡ್, ಟೆಂಡರ್, ಲೇಔಟ್, ಡ್ರೈನೇಜ್ ಎಂಬ ಇಂಗ್ಲಿಷ್ ಪದಗಳೂ ಹಾಗೆಯೇ. ಇವೆರಡರ ನಡುವೆ ಏಕೀಕರಣೋತ್ತರ ಕಾಲದ ಆಡಳಿತ ಪದಕೋಶಗಳಿಂದ ಬಂದ ಸಂಸ್ಕೃತದ ಪದರು: ಅಧಿಸೂಚನೆ, ಆಕ್ಷೇಪಣೆ, ಅನುಮೋದನೆ, ಮಹಾಪೌರ, ಉಪಮಹಾಪೌರ. ಇವುಗಳಲ್ಲಿ ಕೆಲವು ನಿಂತವು, ಕೆಲವು ಕಾಗದದಲ್ಲಿಯೇ ಉಳಿದವು. ‘ಆಯುಕ್ತ’ ನಿಂತಿತು, ‘ಮಹಾಪೌರ’ ಪಾಲಿಕೆಯ ಪತ್ರಶೀರ್ಷಿಕೆಯಿಂದ ಆಚೆಗೆ ಬರಲಿಲ್ಲ, ಪತ್ರಿಕೆಗಳೂ ಜನರೂ ‘ಮೇಯರ್’ ಎಂದೇ ಹೇಳಿದರು.

ಸಂಸ್ಕೃತ ಪದಗಳೆಲ್ಲ ಸೋತವೆಂದು ಇದರಿಂದ ತೀರ್ಮಾನಿಸಬಾರದು. ‘ಪೌರಕಾರ್ಮಿಕ’ ಎಂಬ ಪದದ ಚರಿತ್ರೆ ಇದಕ್ಕೆ ಉತ್ತರ. ಜಾತಿಯ ಹೆಸರಿನಿಂದಲೋ, ಅದಕ್ಕಿಂತ ಹೀನವಾದ ಹೆಸರಿನಿಂದಲೋ ಕರೆಸಿಕೊಳ್ಳುತ್ತಿದ್ದ ಜನರಿಗೆ ಈ ಪದವು ನಗರದ ಕೆಲಸಗಾರರೆಂಬ ಸ್ಥಾನವನ್ನು ಭಾಷೆಯಲ್ಲಿ ಕೊಟ್ಟಿತು. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದ ದಶಕದಲ್ಲಿಯೇ ಐ.ಪಿ.ಡಿ. ಸಾಲಪ್ಪ ಸಮಿತಿಯು ಈ ಕಾರ್ಮಿಕರ ಸ್ಥಿತಿಗತಿಗಳನ್ನು ಕುರಿತು ವರದಿ ನೀಡಿತು. ಇಂದು ಸೆಪ್ಟೆಂಬರ್ 23ನ್ನು ರಾಜ್ಯದ ಪಾಲಿಕೆ, ಪುರಸಭೆಗಳಲ್ಲಿ ಪೌರಕಾರ್ಮಿಕರ ದಿನವೆಂದು ಆಚರಿಸುತ್ತಾರೆ. ಪದವೊಂದು ಕಡತದಿಂದ ಹೊರಟು ಕಾರ್ಯಕ್ರಮಗಳ ಪಟ್ಟಿಯನ್ನು ಸೇರಿದ ಅಪರೂಪದ ನಿದರ್ಶನವಿದು. ಪದ ಗೌರವದ್ದಾದ ಮಾತ್ರಕ್ಕೆ ಸಂಬಳವೂ ಕೈಗವುಸೂ ಸಕಾಲಕ್ಕೆ ಬಂದವೆಂದಲ್ಲ. ಆ ದಿನದ ವೇದಿಕೆಗಳಲ್ಲಿಯೇ ಆ ಬೇಡಿಕೆಗಳು ಕೇಳಿಬರುತ್ತವೆ.

ಇನ್ನೊಂದು ನಿದರ್ಶನ ಕನ್ನಡದ್ದೇ ಪದಗಳದು. ಕಸವನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂಬ ನಿಯಮವನ್ನು 2012ರ ಬಳಿಕ ಬೆಂಗಳೂರಿನಲ್ಲಿ ಒತ್ತಾಯದಿಂದ ಜಾರಿಗೆ ತರತೊಡಗಿದಾಗ ‘ಜೈವಿಕ ವಿಘಟನೀಯ ತ್ಯಾಜ್ಯ’ ಎಂಬ ಪಾರಿಭಾಷಿಕವೂ ಇತ್ತು, ‘ಹಸಿ ಕಸ’, ‘ಒಣ ಕಸ’ ಎಂಬ ಜೋಡಿಯೂ ಇತ್ತು. ಯಾವುದು ಗೆದ್ದಿತೆಂದು ಹೇಳಬೇಕಾಗಿಲ್ಲ. ‘ಹಸಿ’ ಎಂಬುದಕ್ಕೆ ಕನ್ನಡದಲ್ಲಿ ಒದ್ದೆ, ಬೇಯದ್ದು, ಮಾಗದ್ದು, ಹೊಸದು ಎಂಬ ಅರ್ಥಛಾಯೆಗಳಿವೆ. ತರಕಾರಿ ಸಿಪ್ಪೆಯೂ ಮಿಕ್ಕಿದ ಅನ್ನವೂ ಬಾಡಿದ ಹೂವೂ ಅದರೊಳಗೆ ಯಾವ ವಿವರಣೆಯೂ ಇಲ್ಲದೆ ಹಿಡಿಯುತ್ತವೆ. ಕಸದ ಗಾಡಿಯ ಧ್ವನಿವರ್ಧಕದಿಂದ ಬರುವ ‘ಬೇರೆ ಮಾಡಿ ಕೊಡಿ’ ಎಂಬ ವಿಧ್ಯರ್ಥ ಬಹುವಚನದಲ್ಲಿ ಹೇಳುವವರೂ ಇದ್ದಾರೆ, ಕೇಳುವವರೂ ಇದ್ದಾರೆ. ಡಂಗುರ ಸಾರುವವನ ಭಾಷೆ ಆ ಗಾಡಿಯಲ್ಲಿ ಉಳಿದುಕೊಂಡಿದೆ. ಅದೇ ನಿಯಮದ ಮುದ್ರಿತ ರೂಪ ಮಾತ್ರ ‘ತ್ಯಾಜ್ಯವನ್ನು ಮೂಲದಲ್ಲಿಯೇ ವಿಂಗಡಿಸಿ ನೀಡತಕ್ಕದ್ದು’ ಎನ್ನುತ್ತದೆ.

ಆಮಂತ್ರಣದ ಲೋಕ

ಆಮಂತ್ರಣ ಪತ್ರಿಕೆಗೆ ಬಂದರೆ ಎಲ್ಲವೂ ತಲೆಕೆಳಗಾಗುತ್ತದೆ. ಪ್ರಕಟಣೆಯಲ್ಲಿ ಕ್ರಿಯಾಪದವಿದ್ದು ಕರ್ತೃವಿಲ್ಲ. ಆಮಂತ್ರಣದಲ್ಲಿ ಕರ್ತೃಗಳೇ ತುಂಬಿದ್ದು ಕ್ರಿಯಾಪದವಿಲ್ಲ. ದಿವ್ಯ ಸಾನ್ನಿಧ್ಯ, ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ, ಪ್ರಾಸ್ತಾವಿಕ ನುಡಿ, ಸನ್ಮಾನ, ವಂದನಾರ್ಪಣೆ ಹೀಗೆ ಭಾವನಾಮಗಳ ಒಂದು ಸಾಲು. ಪ್ರತಿಯೊಂದರ ಎದುರಿಗೆ ಬಿರುದುಬಾವಲಿಗಳೊಡನೆ ಹೆಸರುಗಳು. ವಾಕ್ಯವೆಂಬುದು ಬರುವುದು ಕೊನೆಯಲ್ಲಿ ಮಾತ್ರ: ತಾವೆಲ್ಲರೂ ಆಗಮಿಸಿ ಕಾರ್ಯಕ್ರಮವನ್ನು ಯಶಸ್ವಿಗೊಳಿಸಬೇಕಾಗಿ ವಿನಂತಿ. ಸ್ಥಳೀಯ ಶಾಸಕರು ಅಧ್ಯಕ್ಷತೆಯ ಸಾಲಿನಲ್ಲಿರಬೇಕೆಂಬುದು ಸರ್ಕಾರಿ ಸಮಾರಂಭದ ಶಿಷ್ಟಾಚಾರ. ಬಡಾವಣೆಯ ಕನ್ನಡ ಸಂಘವೂ ಅದನ್ನು ಅನುಕರಿಸುತ್ತದೆ. ರಾಜ್ಯೋತ್ಸವದ ಆಮಂತ್ರಣಗಳು ನವೆಂಬರ್ ಒಂದಕ್ಕೆ ಆರಂಭವಾಗಿ ಸಂಕ್ರಾಂತಿಯವರೆಗೂ ಬರುತ್ತಿರುವುದಕ್ಕೆ ಭಾಷಾಭಿಮಾನದ ಜೊತೆಗೆ ಈ ಹೆಸರುಗಳ ಬಿಡುವಿನ ದಿನಗಳನ್ನು ಹೊಂದಿಸುವ ಕಷ್ಟವೂ ಕಾರಣವೆಂಬುದನ್ನು ಸಂಘಟಕರೆಲ್ಲ ಬಲ್ಲರು.

ಪತ್ರಿಕೆಗಳ ‘ನಗರದಲ್ಲಿ ಇಂದು’ ಮಾದರಿಯ ಅಂಕಣಗಳು ಈ ಆಮಂತ್ರಣವನ್ನು ಮತ್ತಷ್ಟು ಹಿಂಡಿ ಸಂಸ್ಥೆ, ವಿಷಯ, ಹೆಸರುಗಳು, ಸ್ಥಳ, ಸಮಯ ಎಂಬ ಕ್ರಮಕ್ಕೆ ತರುತ್ತವೆ. ನಗರದ ಸಾಂಸ್ಕೃತಿಕ ಚರಿತ್ರೆಯನ್ನು ಬರೆಯುವವರಿಗೆ ಈ ಅಂಕಣಗಳ ಹಳೆಯ ಸಂಚಿಕೆಗಳು ಶಾಸನ ಸಂಪುಟಗಳಷ್ಟೇ ಬೆಲೆಯುಳ್ಳವು. ಯಾವ ಬಡಾವಣೆಯಲ್ಲಿ ಯಾವ ದಶಕದಲ್ಲಿ ಹರಿಕಥೆ ನಿಂತು ಸುಗಮ ಸಂಗೀತ ಬಂದಿತು, ಯಾವ ಸಭಾಂಗಣ ಯಾವಾಗ ಮುಚ್ಚಿತು ಎಂಬುದನ್ನು ಬೇರೆ ಯಾವ ಆಕರವೂ ಇಷ್ಟು ನಿಖರವಾಗಿ ತಿಳಿಸಲಾರದು.

ಆದರೆ ಬೆಂಗಳೂರಿನ ಅತ್ಯಂತ ಹಳೆಯ ಕಾರ್ಯಕ್ರಮಗಳಿಗೆ ಆಮಂತ್ರಣದ ಅಗತ್ಯವೇ ಇಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆಯೆಂಬುದು ಯಾರೂ ಯಾರಿಗೂ ತಿಳಿಸಬೇಕಾದ ವಿಷಯವಲ್ಲ. ‘ಪರಿಷೆ’ ಎಂಬುದನ್ನು ‘ಪರಿಷತ್’ ಎಂಬುದರ ತದ್ಭವವೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಹಾಗಿದ್ದಲ್ಲಿ ಒಂದೇ ಪದವು ಒಂದು ಕಡೆ ವಿಧಾನ ಪರಿಷತ್ತಾಗಿ, ಸಾಹಿತ್ಯ ಪರಿಷತ್ತಾಗಿ ಕಲಾಪ, ನಡಾವಳಿ, ಕೋರಂಗಳನ್ನು ಪಡೆದುಕೊಂಡಿತು. ಇನ್ನೊಂದು ಕಡೆ ಪರಿಷೆಯಾಗಿ ಜನ ಕೂಡುವುದನ್ನಷ್ಟೇ ಉಳಿಸಿಕೊಂಡಿತು. ಶಿವಾಜಿನಗರದ ಸಂತ ಮೇರಿಯ ಹಬ್ಬಕ್ಕೂ ಅದರದೇ ಆದ ನಿಶ್ಚಿತ ದಿನವಿದೆ, ಸೆಪ್ಟೆಂಬರ್ 8. ಅಲ್ಲಿನ ಸಾರುವಿಕೆ ಕನ್ನಡ, ತಮಿಳು, ಇಂಗ್ಲಿಷುಗಳಲ್ಲಿ ನಡೆಯುತ್ತದೆ.

ಧರ್ಮರಾಯಸ್ವಾಮಿ ದೇವಾಲಯದ ಕರಗದಲ್ಲಿ ಎರಡೂ ಭಾಷೆಗಳು ಮುಖಾಮುಖಿಯಾಗುತ್ತವೆ. ಚೈತ್ರ ಶುದ್ಧ ಸಪ್ತಮಿಯ ಧ್ವಜಾರೋಹಣದಿಂದ ಹುಣ್ಣಿಮೆಯ ರಾತ್ರಿಯ ಹೂವಿನ ಕರಗದವರೆಗೆ ಉತ್ಸವದ ಭಾಷೆ ತಿಥಿಯದು, ಪೇಟೆಗಳದು, ಕುಲದ ಹಿರಿಯರದು. ಹಸಿ ಕರಗ, ವೀರಕುಮಾರರು, ತಿಗಳರ ಪೇಟೆ, ಕಬ್ಬನ್ ಪೇಟೆ, ಮಸ್ತಾನ್ ಸಾಹೇಬರ ದರ್ಗಾ ಇವು ಅದರ ಪದಗಳು. ಅದೇ ರಾತ್ರಿಯನ್ನು ಕುರಿತು ಹೊರಡುವ ಪೊಲೀಸ್ ಮತ್ತು ಪಾಲಿಕೆಯ ಪ್ರಕಟಣೆಗಳಲ್ಲಿ ತಿಥಿಯ ಬದಲು ದಿನಾಂಕ, ಪೇಟೆಗಳ ಬದಲು ರಸ್ತೆಗಳು, ‘ಕರಗ ಬರುತ್ತದೆ’ ಎಂಬುದರ ಬದಲು ‘ವಾಹನ ಸಂಚಾರವನ್ನು ನಿರ್ಬಂಧಿಸಲಾಗಿದೆ’. ಹಸಿ ಕರಗ ನಡೆಯುವ ಸಂಪಂಗಿ ಕೆರೆಯ ಬಹುಭಾಗ ಕಂಠೀರವ ಕ್ರೀಡಾಂಗಣವಾಗಿದೆ; ಉಳಿದ ಸಣ್ಣ ಕೊಳದ ಬಳಿ ಆಚರಣೆ ನಡೆಯುತ್ತದೆ. ಪ್ರಕಟಣೆಯು ಕ್ರೀಡಾಂಗಣದ ಹೆಸರಿನಿಂದ ಗುರುತಿಸುವ ಜಾಗವನ್ನು ಉತ್ಸವವು ಇನ್ನೂ ಕೆರೆಯೆಂದೇ ಕರೆಯುತ್ತದೆ.

ಸಭೆ ಇಲ್ಲದ ವರ್ಷಗಳು

ಪ್ರಕಟಣೆ ಮತ್ತು ಆಮಂತ್ರಣಗಳ ನಡುವೆ ಮೂರನೆಯದೊಂದು ಗದ್ಯ ಪ್ರಕಾರವಿತ್ತು: ಪಾಲಿಕೆಯ ಸಭೆಯ ವರದಿ. ಚುನಾಯಿತ ಸದಸ್ಯರಿದ್ದ ಕಾಲದಲ್ಲಿ ಪತ್ರಿಕೆಗಳು ಆ ಸಭೆಯ ಸುದ್ದಿಯನ್ನು ಕರ್ತರಿ ಪ್ರಯೋಗದಲ್ಲಿ ಬರೆಯುತ್ತಿದ್ದವು. ಇಂಥ ವಾರ್ಡಿನ ಸದಸ್ಯೆ ಪ್ರಶ್ನಿಸಿದರು, ಮೇಯರ್ ಉತ್ತರಿಸಿದರು, ಆಯುಕ್ತರು ಸಮಜಾಯಿಷಿ ನೀಡಿದರು, ವಿರೋಧ ಪಕ್ಷದ ನಾಯಕರು ಸಭಾತ್ಯಾಗ ಮಾಡಿದರು. ಸಭೆಯ ಗದ್ದಲವನ್ನು ಲೇವಡಿ ಮಾಡುವುದು ಸುಲಭ. ಆದರೆ ಆ ವರದಿಗಳಲ್ಲಿ ನಗರದ ಆಡಳಿತಕ್ಕೆ ಬಾಯಿಗಳೂ ಹೆಸರುಗಳೂ ಇದ್ದವು. ಆಯುಕ್ತರು ಕೂಡ ಅಲ್ಲಿ ವಾಕ್ಯದ ಕರ್ತೃವಾಗಬೇಕಾಗುತ್ತಿತ್ತು.

2006ರ ನವೆಂಬರಿನಲ್ಲಿ ಅಂದಿನ ಪಾಲಿಕೆಯ ಅವಧಿ ಮುಗಿದ ಮೇಲೆ 2010ರ ಚುನ಼ಾವಣೆಯವರೆಗೆ ಬೆಂಗಳೂರಿಗೆ ಸಭೆಯಿರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಮತ್ತೆ ಅವಧಿ ಮುಗಿಯಿತು. 2025ನೆಯ ಇಸವಿ ಕಳೆಯುವವರೆಗೂ ಚುನಾವಣೆ ನಡೆಯಲಿಲ್ಲ. ಈ ಅವಧಿಯ ನಗರ ಸುದ್ದಿಗಳನ್ನು ಹಿಂದಿನವುಗಳೊಡನೆ ಹೋಲಿಸಿದರೆ ವ್ಯಾಕರಣವೇ ಬದಲಾಗಿರುವುದು ಕಾಣುತ್ತದೆ. ಪ್ರಶ್ನಿಸುವ ಕ್ರಿಯಾಪದಗಳು ವಿರಳವಾಗಿ, ‘ಸೂಚಿಸಿದ್ದಾರೆ’, ‘ತಿಳಿಸಿದ್ದಾರೆ’ ಎಂಬ ಅಧಿಕಾರಿಗಳ ಕ್ರಿಯಾಪದಗಳೂ ‘-ಅಲಾಗಿದೆ’ಯೂ ಆ ಜಾಗವನ್ನು ತುಂಬಿದವು. ಸುದ್ದಿಯೆಂಬುದು ಪ್ರಕಟಣೆಯ ಮರುಮುದ್ರಣವಾಗುವ ಹಂತಕ್ಕೆ ಬಂದಿತು. ಬಡಾವಣೆಯ ಆಮಂತ್ರಣ ಪತ್ರಿಕೆಗಳಲ್ಲಿ ಮಾತ್ರ ಹಳೆಯ ಸದಸ್ಯರು ‘ನಿಕಟಪೂರ್ವ’ ಎಂಬ ವಿಶೇಷಣದೊಡನೆ ವರ್ಷಾನುಗಟ್ಟಲೆ ಮುಂದುವರಿದರು. ಅಷ್ಟು ‘ನಿಕಟ’ವಲ್ಲದ ಪೂರ್ವ ಅದು!

ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ವಿಧಿಸಿದೆ. ವಾರ್ಡ್ ಸಮಿತಿಯ ಸಭೆ ನಡೆಯುವುದಾದರೆ ಅದು ಏಕಕಾಲಕ್ಕೆ ನಗರಾಡಳಿತದ ಸುದ್ದಿಯೂ ಹೌದು, ಬಡಾವಣೆಯ ಕಾರ್ಯಕ್ರಮವೂ ಹೌದು. ಅದನ್ನು ಯಾವ ಭಾಷೆಯಲ್ಲಿ ಸಾರಬೇಕು? ‘ಸಭೆಯನ್ನು ಏರ್ಪಡಿಸಲಾಗಿದೆ’ ಎಂದೋ, ‘ತಾವೆಲ್ಲರೂ ಬನ್ನಿ’ ಎಂದೋ? ಈ ಪ್ರಶ್ನೆ ಅಲಂಕಾರಕ್ಕಾಗಿ ಕೇಳಿದ್ದಲ್ಲ. ಬರುವವರ ಸಂಖ್ಯೆ ಇದನ್ನು ಅವಲಂಬಿಸಿದೆ.

ಆಕ್ಷೇಪಣೆಯ ಅವಧಿ

ಈ ಎರಡು ಗದ್ಯಗಳ ಅಂತರದಿಂದ ನಾಗರಿಕನಿಗೆ ನಿಜವಾದ ನಷ್ಟವಾಗುವ ಸ್ಥಳವೆಂದರೆ ಆಕ್ಷೇಪಣೆಯ ಅವಧಿ. ಕರಡು ಅಧಿಸೂಚನೆ ಹೊರಟ ಮೇಲೆ ಇಂತಿಷ್ಟು ದಿನಗಳೊಳಗೆ ಲಿಖಿತವಾಗಿ ಆಕ್ಷೇಪಿಸದವನಿಗೆ ಅನಂತರ ಆಡಳಿತದ ಮುಂದೆ ಹೇಳಲು ಮಾತು ಉಳಿಯುವುದಿಲ್ಲ. ಬೆಂಗಳೂರಿನ ವಾರ್ಡುಗಳ ವಿಂಗಡಣೆಯನ್ನೇ ತೆಗೆದುಕೊಳ್ಳಬಹುದು. 2010ರ ಚುನಾವಣೆಯ ಕಾಲಕ್ಕೆ 198 ಇದ್ದ ವಾರ್ಡುಗಳು 2022ರಲ್ಲಿ 243, 2023ರಲ್ಲಿ 225 ಎಂದು ಕಾಗದದ ಮೇಲೆ ಬದಲಾದವು. ಈ ಎರಡು ವಿಂಗಡಣೆಗಳಲ್ಲಿ ಒಂದರ ಮೇಲೂ ಚುನಾವಣೆ ನಡೆಯಲಿಲ್ಲ. ಐದು ಪಾಲಿಕೆಗಳಾದ ಬಳಿಕ 2025ರ ಸೆಪ್ಟೆಂಬರ್ 30ರಂದು 368 ವಾರ್ಡುಗಳ ಕರಡು ಹೊರಟಿತು. ಮರುದಿನ ಆಯುಧಪೂಜೆ, ಅದರ ಮರುದಿನ ವಿಜಯದಶಮಿ. ನಗರದ ಅರ್ಧ ಜನ ಊರುಗಳಿಗೆ ಹೊರಡುವ ದಿನಗಳವು. ಅಂತಿಮ ಅಧಿಸೂಚನೆ ಬಂದ ನವೆಂಬರಿನಲ್ಲಿ ವಾರ್ಡುಗಳು 369 ಆಗಿದ್ದವು. ಆ ವರ್ಷದ ಕಡಲೆಕಾಯಿ ಪರಿಷೆಯ ಸೋಮವಾರವೂ ಅದೇ ತಿಂಗಳ 17ರಂದು ಬಂದಿತ್ತು. ಪಂಚಾಂಗಕ್ಕೂ ರಾಜ್ಯಪತ್ರಕ್ಕೂ ಪರಸ್ಪರ ಪರಿಚಯವಿಲ್ಲ.

ವಾರ್ಡಿನ ಎಲ್ಲೆಗಳನ್ನು ವಿವರಿಸುವ ಅನುಬಂಧಗಳು ಭಾಷಾಧ್ಯಯನದ ದೃಷ್ಟಿಯಿಂದ ಬಹಳ ಕುತೂಹಲಕರ. ಉತ್ತರಕ್ಕೆ, ಪೂರ್ವಕ್ಕೆ, ದಕ್ಷಿಣಕ್ಕೆ, ಪಶ್ಚಿಮಕ್ಕೆ ಎಂದು ನಾಲ್ಕು ದಿಕ್ಕುಗಳ ಮೇಲೆ ಅಡ್ಡರಸ್ತೆ, ಮುಖ್ಯರಸ್ತೆ, ರೈಲುಹಳಿ, ರಾಜಕಾಲುವೆ, ಸರ್ವೆ ನಂಬರುಗಳ ಮೂಲಕ ಗೆರೆ ಎಳೆಯುವ ಈ ಕ್ರಮವು ದಾನಶಾಸನಗಳ ಚತುಸ್ಸೀಮೆಯ ವಿವರಣೆಗೆ ನೇರ ವಾರಸುದಾರ. ಅಲ್ಲಿ ಮೂಡಲು, ತೆಂಕಲು, ಪಡುವಲು, ಬಡಗಲು ಇದ್ದವು. ಕೆರೆಯ ಕೋಡಿ, ನೆಟ್ಟ ಕಲ್ಲು, ಹುಣಿಸೆಯ ಮರ ಗುರುತುಗಳಾಗಿದ್ದವು. ಶಾಸನದ ಎಲ್ಲೆಯನ್ನು ಕೇಳಿದವನು ಅದನ್ನು ಮನಸ್ಸಿನಲ್ಲಿಯೇ ನಡೆದು ಬರಬಲ್ಲವನಾಗಿದ್ದ. ಇಂದಿನ ಅನುಬಂಧವನ್ನು ಹಾಗೆ ನಡೆಯಲು ಹೊರಟವನಿಗೆ ಒಂದೇ ಬಡಾವಣೆಯಲ್ಲಿ ಎರಡೆರಡು ‘1ನೇ ಅಡ್ಡರಸ್ತೆ’ಗಳು ಎದುರಾಗುತ್ತವೆ. ವಾರ್ಡುಗಳ ಹೆಸರುಗಳಲ್ಲಿಯೂ ಇದೇ ತೊಡಕು. 2022ರ ವಿಂಗಡಣೆಯಲ್ಲಿ ಕೆಲವು ಸ್ಥಳನಾಮಗಳ ಜಾಗಕ್ಕೆ ಚರಿತ್ರೆಯ ವ್ಯಕ್ತಿನಾಮಗಳು ಬಂದಾಗ, ಹೆಸರನ್ನು ಓದಿ ಅದು ತನ್ನ ಊರೆಂದು ಗುರುತಿಸುವುದೇ ಅಲ್ಲಿನ ನಿವಾಸಿಗೆ ಕಷ್ಟವಾಯಿತು. ಹಳ್ಳಿ, ಪಾಳ್ಯ, ಸಂದ್ರ, ಕುಂಟೆ ಎಂಬ ಉತ್ತರಪದಗಳು ಉಳಿದ ಕಡೆ ಮಾತ್ರ ಹೆಸರೇ ದಾರಿ ತೋರಿಸುತ್ತದೆ.

ಆಕ್ಷೇಪಣೆಯ ಅರ್ಜಿಗಳ ಭಾಷೆಯನ್ನೂ ನೋಡಬೇಕು. ಅವು ‘ಆಕ್ಷೇಪಣೆ’ ಎಂಬ ಪದದಿಂದ ಆರಂಭವಾಗಿ ಎರಡನೆಯ ವಾಕ್ಯಕ್ಕೇ ಮಾತಿನ ಕನ್ನಡಕ್ಕೆ ಜಾರುತ್ತವೆ: ನಮ್ಮ ಬೀದಿಯನ್ನು ಎರಡು ಭಾಗ ಮಾಡಿದ್ದಾರೆ, ಒಂದು ಬದಿಯ ಮನೆಗಳು ಒಂದು ವಾರ್ಡಿಗೆ, ಎದುರು ಬದಿಯವು ಇನ್ನೊಂದಕ್ಕೆ ಹೋಗಿವೆ, ದೇವಸ್ಥಾನ ನಮ್ಮ ಕಡೆ, ಅದರ ಕಟ್ಟೆ ಅವರ ಕಡೆ. ‘ಮಾಡಿದ್ದಾರೆ’ ಎನ್ನುವಾಗ ಅರ್ಜಿದಾರನ ಮನಸ್ಸಿನಲ್ಲಿ ಯಾರೋ ಮಾಡಿದವರಿದ್ದಾರೆ. ಅರ್ಜಿಯ ಮೇಲೆ ಕಚೇರಿ ಬರೆಯುವ ಷರಾ ‘ಪರಿಶೀಲಿಸಲಾಗಿದೆ’ ಎಂದಿರುತ್ತದೆ.